ಖಾಡಿಯವ್ವನ ಎತ್ತರ

ಇಳಿದದ್ದು

ಬಹರೈನಿನಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಮುಂಬಯಿ ಹೇಗೆ ಪರದೇಶವಾಗುತ್ತದೆ ಎಂದು ಕೇಳುವವರು ಒಮ್ಮೆ ವಿರಾರ್ ಗಾಡಿ ಹತ್ತಿ ಬೊರಿವಲಿಯಲ್ಲಿ ಇಳಿಯಲು ಪ್ರಯತ್ನಿಸಿ ನೋಡಬೇಕು. ಪಾಸ್‌ಪೋರ್ಟಿನ ಪ್ರಕಾರ ನಾನು ಸ್ವದೇಶಕ್ಕೇ ಹೋದದ್ದು. ಆದರೆ ಹುಟ್ಟಿದ್ದು ಉಡುಪಿಯ ಬದಿಯಲ್ಲಿ, ದುಡಿದದ್ದು ಬಹರೈನಿನ ಮನಾಮದಲ್ಲಿ. ಮುಂಬಯಿಯನ್ನು ನಾನು ಕಂಡದ್ದು ವಿಮಾನ ಬದಲಿಸುವಾಗ ಗಾಜಿನ ಆಚೆಗೆ ಮಾತ್ರ. ಗಾಜಿನ ಆಚೆಗೆ ಯಾವ ಊರೂ ಚೆನ್ನಾಗಿಯೇ ಕಾಣುತ್ತದೆ.

ನಾನು ಸರ್ವೇಯರ್. ನೆಲ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರ ಇದೆ ಎಂದು ಅಳೆಯುವುದು ನನ್ನ ಕೆಲಸ. ಉಳಿದ ಸಮಯದಲ್ಲಿ ಚಿಂತೆ ಮಾಡುವುದು ನನ್ನ ಹವ್ಯಾಸ. ನಮ್ಮ ಬಹರೈನ್ ದ್ವೀಪದಲ್ಲಿ ನೆಲ ಸಾಲದಿದ್ದರೆ ಸಮುದ್ರಕ್ಕೆ ಮರಳು ಸುರಿದು ಹೊಸದು ಮಾಡುತ್ತಾರೆ. ಅದರ ಮೇಲೆ ನಾನು ಯಂತ್ರ ಇಟ್ಟು, ಇಷ್ಟು ಎತ್ತರ ಎಂದು ಬರೆದು, ಮನೆಗೆ ಬಂದು, ಅದು ಕುಸಿದರೆ ಏನು ಗತಿ ಎಂದು ಹೆಂಡತಿ ಶಾಲಿನಿಯ ತಲೆ ತಿನ್ನುತ್ತೇನೆ. ಹಾಗಾಗಿ ಮುಂಬಯಿಯಿಂದ ತಂಗಿ ವಸುಧಾ ಫೋನು ಮಾಡಿ ಕರೆದಾಗ ನನಗಿಂತ ಶಾಲಿನಿಗೆ ಹೆಚ್ಚು ಸಂತೋಷವಾಯಿತು.

"ಅಣ್ಣ, ರಜೆ ಹಾಕಿ ಬಾ. ಬರುವಾಗ ನಿನ್ನ ಲೆವೆಲ್ ಯಂತ್ರ ತಾ" ಎಂದಳು ವಸು.

"ಎಂತಕ್ಕೆ?"

"ನನ್ನ ಹುಳಗಳು ಸುಳ್ಳು ಹೇಳ್ತಾವಂತೆ."

ವಸು ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಿಕೆ. ಮನೆ ಬೊರಿವಲಿಯಲ್ಲಿ. ಅವಳ ಹುಳಗಳು ಯಾವುವು, ಸುಳ್ಳು ಯಾವುದು ಎಂದು ಅವಳು ಫೋನಿನಲ್ಲಿ ಹೇಳಲಿಲ್ಲ. ನಾನು ಮೂರು ಬಗೆಯ ಹೊಟ್ಟೆಯ ಮಾತ್ರೆ, ಎರಡು ಬಗೆಯ ಸೊಳ್ಳೆ ಮುಲಾಮು ಕಟ್ಟಿಕೊಂಡು ಹೊರಟೆ.

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಹಳದಿ ಪೆಟ್ಟಿಗೆ ತೆರೆಸಿ, "ಯೇ ಕ್ಯಾ ಹೈ?" ಎಂದ.

ಎತ್ತರ ಅಳೆಯುವ ಯಂತ್ರ ಎಂದೆ.

"ಯಾವುದರ ಎತ್ತರ?" ಎಂಬ ಅರ್ಥದಲ್ಲಿ ಹುಬ್ಬು ಹಾರಿಸಿದ.

"ಸಮುದ್ರದ್ದು."

ಅವನು ನನ್ನನ್ನೂ ಮಾತ್ರೆಯ ಚೀಲವನ್ನೂ ಒಟ್ಟಿಗೆ ನೋಡಿ, ಅಯ್ಯೋ ಪಾಪ ಎಂಬಂತೆ ಪೆಟ್ಟಿಗೆ ಮುಚ್ಚಿಕೊಟ್ಟ.

ವಿಲೆ ಪಾರ್ಲೆ

ವಸುವಿನ ಪ್ರಯೋಗಶಾಲೆ ಮುರಿದ ಕುರ್ಚಿಗಳನ್ನು ಪೇರಿಸಿಡುವ ಕೋಣೆಯ ಒಳಗಿನ ಕೋಣೆ. ಕುರ್ಚಿಗಳನ್ನು ದಾಟಿ ಹೋದವರಿಗೆ ಒಂದು ಸೂಕ್ಷ್ಮದರ್ಶಕ, ಒಂದು ಸಿಂಕು, ನೂರಾರು ಚಿಕ್ಕ ಬಾಟಲಿ ಕೆಸರು, ಮತ್ತು ಉಪ್ಪಿನಕಾಯಿ ಕೆಟ್ಟಂಥ ಒಂದು ವಾಸನೆ ಸಿಗುತ್ತದೆ. ತಂಗಿ ಆ ವಾಸನೆಯಲ್ಲಿ ನಿಂತು ಹಾಯಾಗಿ ಚಾ ಕುಡಿಯುತ್ತಿದ್ದಳು.

"ನೋಡು."

ನೋಡಿದೆ. ಕಣ್ಣಿಗೆ ಕಾಣದ ಪುಟ್ಟ ಚಕ್ಕುಲಿಗಳು. ಯಾರೋ ರವೆಯಲ್ಲಿ ಸುತ್ತಿ ಇಟ್ಟ ಹಾಗೆ. ಕೆಲವು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಅವು ಕೆಸರು ತೆಗೆದ ದಿನ ಜೀವಂತ ಇದ್ದವು. ಬಣ್ಣ ಹಾಕಿದರೆ ಜೀವ ಇದ್ದದ್ದು ಮಾತ್ರ ಕೆಂಪಾಗುತ್ತದೆ ಎಂದಳು. ಹೆಸರು ಫೊರಾಮಿನಿಫೆರಾ. ನಾನು ಎರಡು ಸಲ ಹೇಳಲು ಹೋಗಿ ನಾಲಗೆ ಕಚ್ಚಿಕೊಂಡ ಮೇಲೆ, "ಹುಳ ಅಂತಲೇ ಹೇಳು, ಅವಕ್ಕೆ ಬೇಜಾರಿಲ್ಲ" ಎಂದಳು. ಒಂದೇ ಜೀವಕೋಶ. ಮರಳಿನ ಕಣ ಹೆಕ್ಕಿ, ಅಂಟು ಹಾಕಿ, ಕೋಣೆಯ ಮೇಲೆ ಕೋಣೆ ಕಟ್ಟಿಕೊಳ್ಳುತ್ತದೆ. ಮುಂಬಯಿಯಲ್ಲಿ ಬಿಲ್ಡರನ ಹಂಗಿಲ್ಲದೆ ಮನೆ ಕಟ್ಟುವ ಪ್ರಾಣಿ ಬೇರೆ ಇರಲಾರದು.

"ಇವುಗಳ ವಿಶೇಷ ಎಂತ ಗೊತ್ತುಂಟಾ? ಉಪ್ಪುನೀರಿನ ಜೌಗಿನಲ್ಲಿ ಒಂದೊಂದು ಜಾತಿಗೆ ಒಂದೊಂದು ಎತ್ತರ. ಕೆಲವಕ್ಕೆ ದಿನಾ ಎರಡು ಹೊತ್ತು ನೀರು ಬೇಕು. ಕೆಲವು ಮೇಲಂತಸ್ತಿನವು. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಕ್ಕೆ ಮಾತ್ರ ಕಾಲು ಒದ್ದೆ ಮಾಡಿಕೊಳ್ಳುವವು. ಒಂದರ ಜಾಗಕ್ಕೆ ಇನ್ನೊಂದು ಬರುದಿಲ್ಲ."

"ಸತ್ತ ಮೇಲೆ?"

"ಚಿಪ್ಪು ಅಲ್ಲೇ ಹೂತು ಉಳೀತದೆ. ಆಳದ ಕೆಸರಲ್ಲಿ ಮೇಲಂತಸ್ತಿನ ಜಾತಿ ಸಿಕ್ಕಿದ್ರೆ, ಆ ಕಾಲಕ್ಕೆ ಸಮುದ್ರದ ಅಂಚು ಅಲ್ಲೇ ಇತ್ತು ಅಂತ ಲೆಕ್ಕ. ಕೆಳಗೆ ಕೆಳಗೆ ಹೋದ ಹಾಗೆ ಹಿಂದೆ ಹಿಂದೆ ಹೋಗ್ಬಹುದು. ಅಜ್ಜಂದಿರ ಕಾಲದ ಸಮುದ್ರ, ಅವರ ಅಜ್ಜಂದಿರ ಕಾಲದ ಸಮುದ್ರ."

ಇದು ನನಗೆ ಕೂಡಲೇ ಅರ್ಥವಾಯಿತು. ಸಮುದ್ರ ಸಾಕ್ಷಿ ಬಿಟ್ಟುಹೋಗುವುದಿಲ್ಲ. ಅದರ ಅಂಚಿನಲ್ಲಿ ಬದುಕಿದವರ ವಿಳಾಸ ಹಿಡಿದು ಅದನ್ನು ಪತ್ತೆ ಮಾಡಬೇಕು. ಆದರೆ ವಿಳಾಸ ಎಂದರೆ ಎತ್ತರ. ಎತ್ತರ ತಪ್ಪಿದರೆ ಎಲ್ಲ ತಪ್ಪಿತು.

ತಪ್ಪಿದ್ದು ಅಲ್ಲಿಯೇ. ವಸು ಏಳು ವರ್ಷದ ಹಿಂದೆ ಬೊರಿವಲಿಯ ಖಾಡಿಯ ಬದಿಯಲ್ಲಿ ಮೊದಲ ಸಲ ಕೆಸರು ತೆಗೆಸಿ, ಒಬ್ಬ ಸರ್ವೇಯರನಿಂದ ಎತ್ತರ ಅಳೆಸಿದ್ದಳು. ಖಾಡಿ ಎಂದರೆ ಸಮುದ್ರದ ನೀರು ಒಳಕ್ಕೆ ಹರಿದು ಬರುವ ಕಾಲುವೆ. ನಮ್ಮ ಊರಿನ ಅಳಿವೆಗೆ ಮುಂಬಯಿಯ ಹೆಸರು. ಕಳೆದ ವರ್ಷ ಮತ್ತೆ ಅದೇ ಜಾಗಗಳಲ್ಲಿ ಕೆಸರು ತೆಗೆದು, ಇನ್ನೊಬ್ಬ ಸರ್ವೇಯರನಿಂದ ಅಳೆಸಿದಳು. ನೋಡಿದರೆ ಅದೇ ಜಾತಿಯ ಹುಳ, ಮೊದಲಿಗಿಂತ ಒಂದೂವರೆ ಗೇಣು ಕೆಳಗೆ ವಾಸ. ಒಂದಲ್ಲ, ಎಲ್ಲ ಜಾತಿಗಳೂ. ಒಂದೇ ಸಲ ಬಾಡಿಗೆ ಮನೆ ಬದಲಿಸಿದ ಹಾಗೆ. ಪ್ರಬಂಧ ಕಳಿಸಿದ ಪತ್ರಿಕೆಯವರು, ಒಂದೋ ನಿಮ್ಮ ಜೀವಿಗಳು ನಂಬಿಕೆಗೆ ಅರ್ಹವಲ್ಲ, ಇಲ್ಲವೇ ನಿಮ್ಮ ಅಳತೆ ಎಂದು ವಿನಯದಿಂದ ಹಿಂದೆ ಕಳಿಸಿದ್ದರು.

"ಪುನಃ ಅಳೆದ್ರಾಯ್ತಲ್ಲ" ಎಂದೆ.

"ಮೇಲಿನದ್ದು ಅಳೀಬಹುದು. ಆದ್ರೆ ಕೊಳವೆ ಇಳಿಸಿ ಆಳದ ಮಣ್ಣಿನ ಕಂಬ ತೆಗೆದದ್ದು ಮೊದಲನೇ ವರ್ಷ. ಆ ಜಾಗದ ಮೇಲೆ ಈಗ ಒಡೆದ ಬಿಲ್ಡಿಂಗುಗಳ ಕಲ್ಲುರಾಶಿ ಉಂಟು. ಇನ್ನು ಅಲ್ಲಿ ಯಂತ್ರ ಅಲ್ಲ, ಇರುವೆ ಸಹ ಇಳೀಲಿಕ್ಕಿಲ್ಲ. ಮೊದಲನೇ ಅಳತೆಗೂ ಎರಡನೇದಕ್ಕೂ ನಡುವೆ ಎಂತ ಆಯ್ತು ಅಂತ ಗೊತ್ತಾಗದಿದ್ರೆ ಆ ಕಂಬ ಬರೀ ಕೆಸರು, ಅಣ್ಣ. ನನ್ನ ಏಳು ವರ್ಷ ಬರೀ ಕೆಸರು."

ಚಾ ಮುಗಿದಿತ್ತು. ಅವಳು ಖಾಲಿ ಲೋಟವನ್ನೇ ಮತ್ತೊಮ್ಮೆ ಕುಡಿದಳು.

ವಿರಾರ್ ಗಾಡಿ

ಅವಳಿಗೆ ಪಾಠ ಇತ್ತು. ಪ್ರಯೋಗಶಾಲೆಯ ಮೂಲೆಯಲ್ಲಿದ್ದ ಎತ್ತರ ಅಳೆಯುವ ಕೋಲನ್ನು ಹಿಡಿದು ನಾನೊಬ್ಬನೇ ಮನೆಗೆ ಹೊರಟೆ. ಅಲ್ಯುಮಿನಿಯಮ್ಮಿನ ಕೋಲು; ಮಡಿಸಿದರೂ ನನ್ನ ಎದೆಯ ಮಟ್ಟ ಬರುತ್ತದೆ. "ಸ್ಲೋ ಗಾಡಿ ಹಿಡಿ, ಬೊರಿವಲಿ ಅಂತ ಬರೆದದ್ದು" ಎಂದಿದ್ದಳು. ಆದರೆ ಲೋಕದ ಎತ್ತರಗಳನ್ನು ಅಳೆದ ನಾನು ಅಂಧೇರಿಯಲ್ಲಿ ಇಳಿದು, ಫಲಕ ಓದಿ, ವೇಗದ ಗಾಡಿ ವಿರಾರಿನದ್ದು, ಅದೂ ಬೊರಿವಲಿಯಲ್ಲಿ ನಿಲ್ಲುತ್ತದೆ ಎಂದು ಪತ್ತೆ ಹಚ್ಚಿದೆ. ಈ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆಮೇಲೆ ಬೆನ್ನು ತಟ್ಟುವಷ್ಟು ಜಾಗ ಸಿಗಲಿಲ್ಲ.

ಹತ್ತಿದ ಮೇಲೆ ಕೋಲು ನನ್ನದಾಗಿ ಉಳಿಯಲಿಲ್ಲ. ಹಿಡಿದುಕೊಳ್ಳಲು ಏನೂ ಸಿಗದ ಮೂರು ಕೈಗಳು ಅದನ್ನು ಹಿಡಿದವು. ಒಬ್ಬರು ಊಟದ ಡಬ್ಬಿಯ ಚೀಲವನ್ನು ಅದಕ್ಕೆ ನೇತುಹಾಕಿದರು. ಯಾರೂ ಅನುಮತಿ ಕೇಳಲಿಲ್ಲ, ಯಾರೂ ಒರಟಾಗಿಯೂ ಇರಲಿಲ್ಲ. ರೈಲ್ವೆಯವರೇ ಕಂಬ ನೆಟ್ಟಿದ್ದಾರೆ ಎಂಬ ನೆಮ್ಮದಿ ಎಲ್ಲರ ಮುಖದಲ್ಲಿತ್ತು.

"ಉತರ್ನಾ ಕಹಾಂ ಹೈ, ಅಂಕಲ್?"

"ಬೊರಿವಲಿ."

ಸುತ್ತ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಸತ್ತವರ ಮನೆಯಲ್ಲಿ ನಕ್ಕವನನ್ನು ನೋಡುವ ಹಾಗೆ ನೋಡಿದರು.

"ಬೊರಿವಲಿ ಉತರ್ನಾ ಥಾ ತೋ ವಿರಾರ್ ಗಾಡಿ ಮೇ ಕಾಯ್‌ಕೋ ಚಢಾ?"

ನನ್ನ ಕಂಕುಳಿನ ಹತ್ತಿರದಿಂದ ಒಂದು ಧ್ವನಿ ಕನ್ನಡದಲ್ಲಿ ಬಂತು. "ನೀವು ಊರಿನವರಾ, ಮಾರಾಯ್ರೇ? ಹೊಸಬರು ಕಾಣ್ತದೆ." ಹೋಟೆಲು ಇಟ್ಟುಕೊಂಡವರಂತೆ; ಅಂಗಿಯಲ್ಲಿ ಸಾಂಬಾರಿನ ಪರಿಮಳ ಇತ್ತು. "ವಿರಾರಿನವರಿಗೆ ದೂರ ಹೋಗ್ಲಿಕ್ಕುಂಟು. ಬೊರಿವಲಿಯವರಿಗೆ ಬೇರೆ ಗಾಡಿ ಉಂಟಲ್ಲ, ಇದರಲ್ಲಿ ಬಂದು ಜಾಗ ತಿನ್ನುದು ಎಂತಕ್ಕೆ ಅಂತ ಇವರ ವಾದ. ಕಾನೂನು ಅಲ್ಲ. ಆದ್ರೆ ಕಾನೂನನ್ನು ಬೇಕಾದ್ರೆ ಮುರೀಬಹುದು, ಇದನ್ನು ಆಗುದಿಲ್ಲ."

"ಹಾಗಾದ್ರೆ ನಾನು ಇಳಿಯುವುದು ಹೇಗೆ?"

"ಇಳಿಯುದಿಲ್ಲ."

ಬೊರಿವಲಿ ಬಂತು. ಬಾಗಿಲು ಅಲ್ಲಿಯೇ ಇತ್ತು, ನನಗೂ ಬಾಗಿಲಿಗೂ ನಡುವೆ ಇಡೀ ವಿರಾರ್ ನಿಂತಿತ್ತು. ಬೊರಿವಲಿ ಹೋಯಿತು. ಭಾಯಂದರಿನಲ್ಲಿ ಮಾತ್ರ ಅದೇ ಜನ ಕೋಲನ್ನು ಕೈಯಿಂದ ಕೈಗೆ ದಾಟಿಸಿ, ನನ್ನನ್ನೂ ಹಾಗೆಯೇ ದಾಟಿಸಿ, ಚೀಲ ಬಿಚ್ಚಿಕೊಂಡು, "ಸಂಭಾಲ್ ಕೇ, ಅಂಕಲ್" ಎಂದು ಪ್ರೀತಿಯಿಂದ ಇಳಿಸಿಕೊಟ್ಟರು. ಬಹರೈನಿನಲ್ಲಿ ಇಷ್ಟು ಜನ ನನ್ನನ್ನು ಮುಟ್ಟಿದ್ದು ಮೂವತ್ತು ವರ್ಷ ಸೇರಿಸಿದರೂ ಆಗಲಿಕ್ಕಿಲ್ಲ.

ಸಂಜೆ ವಸುವಿಗೆ ಹೇಳಿದರೆ ನಗಲಿಲ್ಲ. "ಇದನ್ನೇ ನಾನು ಹೇಳುದು. ಹುಳಕ್ಕೆ ಸಹ ತನ್ನ ಮಟ್ಟ ಗೊತ್ತುಂಟು. ಅದು ಸುಮ್ಮನೆ ಜಾಗ ಬಿಟ್ಟು ಹೋಗುದಿಲ್ಲ" ಎಂದಳು. ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಕೆಸರು

ಮರುದಿನ ನೀರು ಇಳಿದ ಹೊತ್ತು ನೋಡಿ ಖಾಡಿಗೆ ಹೋದೆವು. ಬಹುಮಹಡಿ ಕಟ್ಟಡಗಳ ಸಾಲು ಮುಗಿದು, ಚಾಳು ಮುಗಿದು, ತಗಡಿನ ಮನೆಗಳ ಓಣಿ ಮುಗಿದಲ್ಲಿ ರಸ್ತೆಯೂ ಮುಗಿಯುತ್ತದೆ. ಆಚೆ ಹುಲ್ಲು, ಹುಲ್ಲಿನಾಚೆ ಉಪ್ಪುನೀರಿನಲ್ಲಿ ಬೇರು ಬಿಡುವ ಕಾಂಡ್ಲಾ ಗಿಡ, ಅದರಾಚೆ ಕಪ್ಪು ಹೊಳಪಿನ ಕೆಸರು. ಬಲಕ್ಕೆ ಒಡೆದ ಕಟ್ಟಡಗಳ ರಾಶಿ: ಅರ್ಧ ಕಿಟಕಿ, ಕಾಲು ಮೆಟ್ಟಿಲು, ಯಾರದೋ ಅಡುಗೆಮನೆಯ ಕಟ್ಟೆ. ಅದರ ಅಡಿಯಲ್ಲಿ ವಸುವಿನ ಮಣ್ಣಿನ ಕಂಬ ತೆಗೆದ ತೂತು ಇತ್ತು.

ನಮ್ಮಲ್ಲಿ ಸಮುದ್ರಕ್ಕೆ ಮರಳು ಸುರಿಯುವ ಮೊದಲು ನಕ್ಷೆ ಮಾಡುತ್ತಾರೆ. ಇಲ್ಲಿ ಲಾರಿಯ ಚಾಲಕನೇ ನಕ್ಷೆ.

ವಸು ಗಂಬೂಟು ಹಾಕಿ ದೇವಸ್ಥಾನದ ಅಂಗಳದಲ್ಲಿ ನಡೆದಂತೆ ನಡೆದಳು. ನಾನು ಐದನೇ ಹೆಜ್ಜೆಗೆ ಬಲಗಾಲನ್ನು ಕೆಸರಿಗೆ ಕೊಟ್ಟೆ. ಕಾಲು ಹಿಂದೆ ಬಂತು, ಬೂಟು ಬರಲಿಲ್ಲ. ಇಲಿಜ್ವರ, ಧನುರ್ವಾಯು, ಹಾವು, ಮುರಿದ ಬಾಟಲಿ ಎಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತ ಒಂಟಿ ಬೂಟಿನಲ್ಲಿ ಯಂತ್ರವನ್ನು ಅದರ ಮುಕ್ಕಾಲಿಯ ಮೇಲೆ ನಿಲ್ಲಿಸಿದೆ.

"ನಿನ್ನ ಆಧಾರ ಎಲ್ಲಿ?" ಎಂದೆ. ಎತ್ತರ ಅಳೆಯುವುದೆಂದರೆ ಅಲುಗದ ಒಂದು ಗುರುತಿನಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಹೇಳುವುದು. ಬೆಂಚ್‌ಮಾರ್ಕ್ ಎನ್ನುವ ಆ ಒಂದು ಗುರುತು ಅಲುಗಬಾರದು. ನನ್ನ ಕಸುಬಿಗೆ ಧರ್ಮ ಅಂತ ಇದ್ದರೆ ಇಷ್ಟೇ.

"ಓಣಿಯ ಬಾಯಿಯಲ್ಲಿ ಒಂದು ಗಡಿಕಲ್ಲು ಉಂಟು. ಹಿಂದೆ ಇಲ್ಲಿ ಉಪ್ಪಿನ ಗದ್ದೆ ಇದ್ದ ಕಾಲದ್ದು, ತಲೆ ಮೇಲೆ ಬಾಣದ ಗುರುತು. ಮೊದಲನೇ ಸರ್ವೇಯರ್ ಅದನ್ನೇ ಹಿಡಿದದ್ದು. ಸರಕಾರಿ ಬೆಂಚ್‌ಮಾರ್ಕಿಗೆ ಆಮೇಲೆ ಜೋಡಿಸಿದ್ರಾಯ್ತು ಅಂದಿದ್ದ."

"ಜೋಡಿಸಿದ್ನಾ?"

"ಆಮೇಲೆ ಅಂದಿದ್ದ. ಕುಂಕುಮ ಹಚ್ಚಿದ್ದಾರೆ, ಇನ್ನು ಇದನ್ನು ಯಾರೂ ಕದಿಯುದಿಲ್ಲ ಅಂತ ಭಾರಿ ಖುಷಿ ಅವನಿಗೆ. ಎರಡನೆಯವನಿಗೆ ಸಹ ಅದೇ ಕಲ್ಲು ತೋರಿಸಿದ್ದು."

ಯಂತ್ರದ ದೂರದರ್ಶಕವನ್ನು ಓಣಿಯ ಕಡೆ ತಿರುಗಿಸಿದೆ. ಮೊದಲು ಬಣ್ಣಬಣ್ಣದ ಎಲ್‌ಇಡಿ ದೀಪ ಕಂಡಿತು. ಆಮೇಲೆ ಸ್ಟೀಲಿನ ಕಂಬಿ, ಅಮೃತಶಿಲೆ, ಹಸಿರು ಬಳೆ. ಕೊನೆಗೆ ನನ್ನ ಗಾಜಿನ ಎರಡು ಗೆರೆಗಳು ಸೇರುವ ಬಿಂದುವಿನಲ್ಲಿ ಒಂದು ಬೆಳ್ಳಿಯ ಮೂಗುತಿ ನಿಂತಿತು.

"ವಸು, ನಿನ್ನ ಕಲ್ಲಿಗೆ ಮೂಗುತಿ ಉಂಟಾ?"

"ಎಂತ?"

"ಈ ಗುಡಿ, ಕಟ್ಟೆ, ಟೈಲ್ಸು, ಇದೆಲ್ಲ ಮೊದಲಿನಿಂದ ಇತ್ತಾ?"

ಅವಳು ತಲೆಯೆತ್ತಿ ಓಣಿಯ ಕಡೆ ನೋಡಿದಳು. ಬಹುಶಃ ಏಳು ವರ್ಷದಲ್ಲಿ ಮೊದಲ ಸಲ. ಕಣ್ಣಿಗೆ ಕಾಣದ ಜೀವಿಯ ಗೋಡೆಯಲ್ಲಿ ಮರಳಿನ ಕಣ ಎಣಿಸಬಲ್ಲ ನನ್ನ ತಂಗಿ ಮಿನುಗುವ ದೀಪದ ಒಂದಿಡೀ ದೇವಸ್ಥಾನವನ್ನು ಕಂಡಿರಲಿಲ್ಲ.

"ನಾನು ಯಾವಾಗ್ಲೂ ಕೆಳಗೆ ನೋಡ್ತೇನೆ, ಅಣ್ಣ" ಎಂದಳು ಸಣ್ಣ ಧ್ವನಿಯಲ್ಲಿ.

ಖಾಡಿಯವ್ವ

ಗುಡಿಯ ಪೂಜೆ ನೋಡಿಕೊಳ್ಳುವವಳು ಮಲ್ಲವ್ವ. ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಇಲ್ಲಿಯೇ ಮುದುಕಿಯಾದವಳು. ಗುಡಿಗೆ ಅಂಟಿಕೊಂಡೇ ಅವಳ ತಗಡಿನ ಮನೆ. ಕನ್ನಡ ಕೇಳಿದ ಕೂಡಲೇ ನೀರು ಕೊಟ್ಟಳು. ನನ್ನ ಒಂಟಿ ಬೂಟನ್ನು ನೋಡಿ ಏನೂ ಕೇಳದಷ್ಟು ದೊಡ್ಡವಳು.

"ಇದು ಮೊದಲು ಬರೀ ಕಲ್ಲು ಆಗಿತ್ತಲ್ಲ?" ವಸು ಕೇಳಿದಳು.

"ಕಲ್ಲ ಅನಬ್ಯಾಡ್ರಿ. ಖಾಡಿಯವ್ವ. ಆಗ ನೆಲದಾಗ ಕುಂತಿದ್ಲು. ಈಗ ಕಟ್ಟಿ ಮ್ಯಾಲ ಕುಂತಾಳ."

"ಕಟ್ಟೆ ಮೇಲೆ ಯಾರು ಕೂರಿಸಿದ್ದು?"

"ನಾವ ಎತ್ತೀವ್ರಿ. ಎರಡ ಸಲ." ಎರಡು ಬೆರಳು ಎತ್ತಿ ತೋರಿಸಿದಳು. "ರಸ್ತಾಕ್ಕ ಡಾಂಬರ ಹಾಕ್ತಾರ, ಮ್ಯಾಲ ಮತ್ತ ಹಾಕ್ತಾರ. ರಸ್ತಾ ಎತ್ತರ ಆಕ್ಕೈತಿ. ಮಳಿ ಬಂದ್ರ ನೀರೆಲ್ಲಾ ಅವ್ವನ ಬಾಯಿಗೇ ಹೊಕ್ಕೈತಿ. ಕಣ್ಣಾರೆ ನೋಡ್ಕೋತ ಕುಂದ್ರಾಕ ಆಕ್ಕೈತೇನ್ರಿ? ರಸ್ತಾ ಎದ್ದಂಗ ಅವ್ವನ್ನೂ ಎಬ್ಬಿಸೋದು."

ವಸು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವಳ ಹುಳಗಳು ಮನೆ ಬದಲಿಸಿರಲಿಲ್ಲ. ಹುಳಗಳು ಇದ್ದಲ್ಲೇ ಇದ್ದವು. ದೇವರು ಮೇಲೆ ಹೋಗಿದ್ದಳು. ದೇವರ ತಲೆಯಿಂದ ಅಳೆದ ಕಾರಣ ಲೋಕವೆಲ್ಲ ಕೆಳಗೆ ಇಳಿದಂತೆ ಕಂಡಿತ್ತು. ಈ ತಪ್ಪು ನಮ್ಮ ದೇಶದಲ್ಲಿ ಸರ್ವೇಯರುಗಳು ಮಾತ್ರ ಮಾಡುವುದೂ ಅಲ್ಲ.

"ಎಷ್ಟು ಎತ್ತಿದ್ರಿ?" ವಸು ಮುದುಕಿಯ ಹತ್ತಿರಕ್ಕೇ ಬಂದು ಕೇಳಿದಳು. ಆ ಒಂದು ಅಳತೆ ಸಿಕ್ಕಿದರೆ ಮೊದಲನೇ ವರ್ಷದ ಕಂಬಕ್ಕೆ ವಿಳಾಸ ಸಿಕ್ಕಿದ ಹಾಗೆ.

"ಯಾರಿಗೆ ಗೊತ್ರಿ? ಎತ್ತೀವಿ ಅಷ್ಟ."

ನಾನು ಜೇಬಿನಿಂದ ಟೇಪು ತೆಗೆದೆ. ಮಲ್ಲವ್ವ ನನಗೂ ಗುಡಿಗೂ ನಡುವೆ ಬಂದು ನಿಂತಳು.

"ಏನ್ ಮಾಡಾಕತ್ತೀರಿ? ದೇವರನ್ನ ಅಳೀತಾರೇನು? ಅಳೆಯೋದು ಹೆಣಾನ್ರಿ. ಮಲಗಿದ ಕೂಸನ್ನ ಸುದ್ದಾ ನಾವು ಅಳೆಯಂಗಿಲ್ಲ."

ಅಳೆದರೂ ಹೊರಗಿನಿಂದ ಪ್ರಯೋಜನ ಇರಲಿಲ್ಲ. ಹಳೆಯ ನೆಲ ಯಾವುದು, ಕಟ್ಟೆ ಶುರುವಾದದ್ದು ಎಲ್ಲಿಂದ ಎಂಬುದು ಡಾಂಬರಿನ ಅಡಿಗೆ ಹೋಗಿತ್ತು. ಒಡೆದೇ ನೋಡಬೇಕು. ಅಷ್ಟರಲ್ಲಿ ಗುಡಿಯ ಮಂಡಳಿಯ ಅಧ್ಯಕ್ಷರು ಬಂದರು. ಜಾಧವ್ ಭಾವು, ಟೈಲ್ಸ್ ಕೂರಿಸುವ ಕಂತ್ರಾಟುದಾರರು. ಅವರ ಕೆಲಸಗಳಲ್ಲಿ ಮಿಕ್ಕ ಟೈಲ್ಸೇ ದೇವಿಯ ಕಟ್ಟೆ. ಮಲ್ಲವ್ವ ದೂರು ಕೊಡುವ ಮೊದಲೇ ಅವರು ಸಂಭ್ರಮದಿಂದ ಸುದ್ದಿ ಕೊಟ್ಟರು. ರಸ್ತೆಗೆ ಮತ್ತೊಂದು ಪದರ ಬೀಳಲಿದೆ. ಶುಕ್ರವಾರ ಕಟ್ಟೆ ಒಡೆದು, ದೇವಿಯನ್ನು ಎತ್ತಿ, ಹೊಸ ಕಟ್ಟೆ. "ಪೂರಾ ಗ್ರಾನೈಟ್, ಸಾಹೇಬ್!"

ಅಂದರೆ ಶುಕ್ರವಾರ ಆ ಹಳೆಯ ನೆಲ ಸ್ವಲ್ಪ ಹೊತ್ತು ಬೆಳಕು ಕಾಣುತ್ತದೆ. ಆಮೇಲೆ ಗ್ರಾನೈಟಿನ ಅಡಿಗೆ ಹೋದರೆ ಹೋಯಿತು, ಮತ್ತೆ ಸಿಗುವುದಿಲ್ಲ.

ವಸು ದೇವರನ್ನು ನಂಬುವವಳಲ್ಲ. ಅಮ್ಮ ದೇವಸ್ಥಾನಕ್ಕೆ ಕರೆದರೆ ಹೊರಗೆ ಚಪ್ಪಲಿ ಕಾಯುತ್ತಿದ್ದವಳು. ಅವಳು ಮಲ್ಲವ್ವನ ಕೈ ಹಿಡಿದು, "ನನ್ನದೊಂದು ಹರಕೆ ಉಂಟು" ಎಂದಾಗ ನಾನು ಬಾಟಲಿಯ ನೀರು ನೆತ್ತಿಗೆ ಏರಿಸಿಕೊಂಡೆ. "ಅವ್ವನ ಪಾದದಿಂದ ಅವಳು ಹುಟ್ಟಿದ ಮಣ್ಣಿನ ತನಕ ಒಂದು ಹೂವಿನ ಮಾಲೆ ಬಿಡ್ಬೇಕು ಅಂತ. ಅದಕ್ಕೆ ಅಳತೆ ಬೇಕಾಗ್ತದಲ್ಲ?"

ಮಲ್ಲವ್ವ ಯೋಚಿಸಿದಳು. "ಮಾಲಿಗಾದ್ರ ತಗೋರಿ. ಅದು ಅಳತಿ ಅಲ್ಲ, ಸೇವಾ."

ಶುಕ್ರವಾರ

ಎತ್ತುವವನು ಮಿಂದು, ಉಪವಾಸವಿದ್ದು ಬರಬೇಕು. ಜಾಧವ್ ಭಾವು ಅವರಿಗೆ ಬೆನ್ನುನೋವು. "ಫಾರಿನ್‌ವಾಲೇ ಇಂಜಿನಿಯರ್ ಸಾಹೇಬ್ ಉಠಾಯೇಂಗೇ" ಎಂದು ಅವರು ಎಲ್ಲರ ಎದುರು ಘೋಷಿಸಿದರು. ನಾನು ಇಂಜಿನಿಯರ್ ಅಲ್ಲ ಎಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಫಾರಿನ್ ಅಲ್ಲ ಎಂದು ಹೇಳಲು ನನಗೇ ಧೈರ್ಯ ಬರಲಿಲ್ಲ. ಮೂವತ್ತು ವರ್ಷ ಹೊಸಬರಿಗೆಲ್ಲ ಒಂದೇ ಪಾಠ ಹೇಳಿದ್ದೇನೆ: ಜೀವ ಹೋದರೂ ಬೆಂಚ್‌ಮಾರ್ಕನ್ನು ಅಲುಗಿಸಬೇಡಿ. ಈಗ ಖಾಲಿ ಹೊಟ್ಟೆಯಲ್ಲಿ, ಒದ್ದೆ ಪಂಚೆಯಲ್ಲಿ, ಹಣೆಗೆ ಭಂಡಾರ ಹಚ್ಚಿಕೊಂಡು, ಬೆಂಚ್‌ಮಾರ್ಕ್ ಕೀಳಲು ನಾನೇ ನಿಂತಿದ್ದೆ.

ಜಾಧವ್ ಭಾವು ಮೊದಲು ಕಟ್ಟೆಯ ಎದುರಿನ ಮುಖ ಒಡೆದರು. ಒಳಗೆ ಪದರಗಳು ಕಂಡವು. ಮೇಲೆ ಅಮೃತಶಿಲೆ, ಅದರಡಿ ಇಟ್ಟಿಗೆ, ಅದರಡಿ ಯಾವುದೋ ಸ್ನಾನದಮನೆಯ ನೀಲಿ ಮೀನಿನ ಟೈಲ್ಸ್, ಮತ್ತೆ ಇಟ್ಟಿಗೆ. ಎಲ್ಲಕ್ಕಿಂತ ಕೆಳಗೆ ಕಪ್ಪು ಮಣ್ಣು. ಆ ಮಣ್ಣಿನ ಮೇಲೆ ಕಲ್ಲು ಕೂತಿದ್ದ ಜಾಗದ ಸುತ್ತ ಹಳೆಯ ಕುಂಕುಮದ ಒಂದು ಕೆಂಪು ಬಳೆ, ಮಾಸದೆ ಹಾಗೆಯೇ ಇತ್ತು.

"ಇಲ್ಲಿ ಜೀವ ಇತ್ತು" ಎಂದಳು ವಸು, ತನಗೇ ಎಂಬಂತೆ. ಮಲ್ಲವ್ವ ಅದನ್ನು ಭಕ್ತಿ ಎಂದು ತಿಳಿದು ಕಣ್ಣೊರೆಸಿಕೊಂಡಳು.

ಚೆಂಡುಹೂವಿನ ಮಾಲೆಯನ್ನು ವಸು ದೇವಿಯ ಪಾದದಿಂದ ಕೆಳಗೆ ಇಳಿಬಿಟ್ಟಳು. ಎಳೆಯದೆ, ಸಡಿಲವೂ ಬಿಡದೆ, ಉಸಿರು ಹಿಡಿದು. ಕೆಂಪು ಬಳೆಯನ್ನು ಮುಟ್ಟಿದಲ್ಲಿ ಒಂದು ಗಂಟು. ಅಷ್ಟಾದ ಮೇಲೆ ನನ್ನ ಸರದಿ.

ಕಲ್ಲು ಎಳೆಮಗುವಿನ ಗಾತ್ರ, ಎಮ್ಮೆಕರುವಿನ ಭಾರ. ಅಪ್ಪಿ ಎತ್ತಿದೆ. ಸುತ್ತ ಗಂಟೆ, ಜಯಕಾರ. ಪಕ್ಕದಲ್ಲಿ ಇಳಿಸಲು ಬಗ್ಗಿದರೆ ಮಲ್ಲವ್ವ ಚೀರಿದಳು. "ನೆಲಕ್ಕ ಇಡಬ್ಯಾಡ್ರೀ! ಹೊಸ ಕಟ್ಟಿ ಮ್ಯಾಲ ಕುಂದ್ರಿಸೋತನಾ ಅವ್ವ ನೆಲಾ ಮುಟ್ಟಂಗಿಲ್ಲ."

"ಹೊಸ ಕಟ್ಟೆ ಎಲ್ಲಿ?"

"ಕಟ್ತಾರ ತಡ್ರಿ."

ಹಾಗಾಗಿ ಚಕ್ಕಳಮಕ್ಕಳ ಹಾಕಿ ಕೂತು, ದೇವಿಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳ ಮೂಗುತಿ ನನ್ನ ಗಲ್ಲಕ್ಕೆ ಚುಚ್ಚುತ್ತಿರುವಂತೆ ಕಾದೆ. ವಸು ಗುಡಿಯ ಹಿಂದೆ ಹೋಗಿ ಮಾಲೆಗೆ ಟೇಪು ಹಿಡಿದಿದ್ದಳು. ಹೂ ಬಾಡಿ ಕುಗ್ಗುವ ಮೊದಲು ಅಳೆಯಬೇಕಿತ್ತು. ಅಲ್ಲಿಂದಲೇ ಕೂಗಿದಳು. "ಅಣ್ಣಾ! ಸರಿ ಬಂತು! ಹುಳ ಹೇಳಿದಷ್ಟೇ! ಒಂದು ಕಿರುಬೆರಳಿನ ದಪ್ಪ ಆಚೀಚೆ!"

"ಸಂತೋಷ. ನನ್ನ ತೊಡೆ ಸತ್ತಿತು."

ಬಂದವಳ ಮುಖ ನೋಡಬೇಕಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಹಾಗೆ ಇರಲಿಲ್ಲ. ಮಾಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಆ ಕಂಬ ಇನ್ನು ಬರೀ ಕೆಸರಲ್ಲ.

ಜಾಧವ್ ಭಾವು ಕರಣೆ ಹಿಡಿದು ಅವಳ ಕಡೆ ತಿರುಗಿದರು. "ಮ್ಯಾಡಮ್, ಆಪ್ ತೋ ಸಮುಂದರ್ ಕಾ ಹೀ ನಾಪ್ ಕರ್ತೇ ಹೋ. ಬೋಲಿಯೇ, ದೇವಿ ಕೋ ಕಿತ್ನಾ ಊಪರ್ ರಖೂ? ಬಾರ್ ಬಾರ್ ಉಠಾನಾ ನಹೀಂ ಚಾಹಿಯೇ."

ದೇವಿಯನ್ನು ಮತ್ತೆ ಮತ್ತೆ ಎತ್ತುವುದು ಬೇಡ, ಒಂದೇ ಸಲಕ್ಕೆ ಎಷ್ಟು ಎತ್ತರದಲ್ಲಿ ಇಡಲಿ ಎಂದು ಅವರ ಪ್ರಶ್ನೆ. ಏಳು ವರ್ಷದಲ್ಲಿ ಮೊದಲ ಸಲ ಯಾರೋ ವಸುವಿನ ಶಾಸ್ತ್ರವನ್ನು ಕೇಳಿ ಅದರಂತೆ ಮಾಡಲು ಸಿಮೆಂಟು ಕಲಸಿ ನಿಂತಿದ್ದರು.

"ಹಾಗೆ ಹೇಳ್ಲಿಕ್ಕೆ ಆಗುದಿಲ್ಲ" ಎಂದಳು. "ಒಂದು ಕೆಳಗಿನ ಮಿತಿ ಇರ್ತದೆ, ಒಂದು ಮೇಲಿನ ಮಿತಿ. ಮತ್ತೆ ಎಷ್ಟು ವರ್ಷಕ್ಕೆ ಅಂತ ನೋಡ್ಬೇಕು. ನಾನು ಹಿಂದಿನದ್ದು ಲೆಕ್ಕ ಮಾಡುವವಳು, ಮುಂದಿನದ್ದು..."

"ವಸು" ಎಂದೆ. "ದೇವರು ಜಾರ್ತಾ ಇದ್ದಾಳೆ."

"ನಿಮ್ಮ ಹುಳ ಏನಂತಾವ್ರಿ, ಅದನ್ನ ಹೇಳ್ರಿ" ಎಂದಳು ಮಲ್ಲವ್ವ.

ವಸು ಖಾಡಿಯ ಕಡೆ ನೋಡಿದಳು. ಕಾಂಡ್ಲಾ ಗಿಡಗಳ ಬುಡಕ್ಕೆ ನೀರು ಬರತೊಡಗಿತ್ತು. "ಅಂದುಕೊಂಡದ್ದಕ್ಕಿಂತ ಎರಡು ಸಾಲು ಇಟ್ಟಿಗೆ ಜಾಸ್ತಿ ಹಾಕಿ" ಎಂದಳು.

ಹಾಕಿದರು. ಇಬ್ಬರು ಹಿಡಿದು ನನ್ನನ್ನೂ ದೇವಿಯನ್ನೂ ಎಬ್ಬಿಸಿದರು. ನಾನು ಅವಳನ್ನು ಹೊಸ ಎತ್ತರದಲ್ಲಿ ಕೂರಿಸಿದೆ. ನನಗೀಗ ಅವಳ ಮುಖ ನೋಡಬೇಕಾದರೆ ಕತ್ತು ಎತ್ತಬೇಕಿತ್ತು. ತೆಂಗಿನಕಾಯಿ ಒಡೆದು, ಪ್ರಸಾದ ಹಂಚಿ, ಜನ ಚದುರಿದರು.

ಮಲ್ಲವ್ವ ಮಾತ್ರ ಹೋಗಲಿಲ್ಲ. ಹೊಸ ಕಟ್ಟೆಯನ್ನು ನೋಡಿದಳು, ಅದಕ್ಕೆ ಅಂಟಿದ ತನ್ನ ಮನೆಯನ್ನು ನೋಡಿದಳು. ರಸ್ತೆಯಿಂದ ಎರಡು ಮೆಟ್ಟಿಲು ಇಳಿದರೆ ಅವಳ ಹೊಸ್ತಿಲು.

"ಅವ್ವಗ ಎರಡ ಸಾಲು ಹೆಚ್ಚಿಗಿ ಅಂದ್ರಿ. ನಮ್ಮ ಮನಿಗೆ ಎಲ್ಲಿತನಾ ಬರತೈತ್ರಿ ನೀರು?"

ನಾನು ಯಂತ್ರದ ಪೆಟ್ಟಿಗೆಗೆ ಕೈ ಚಾಚಿದೆ.

"ಮನೆ ಅಳೀಬಹುದಾ?" ಎಂದೆ.

"ಅಳೀರಿ. ಮನಿಗೇನ್ ಜೀವ ಐತೇನು?"

ಯಂತ್ರ ನಿಲ್ಲಿಸಿದೆ. ವಸು ಕೋಲು ಹಿಡಿದು ಹೊಸ್ತಿಲ ಮೇಲೆ ನಿಂತಳು. ಓದಿ ಹೇಳಿದೆ. ಅವಳು ಮನಸ್ಸಿನಲ್ಲೇ ಕೂಡಿ ಕಳೆದು, ಮಿತಿಗಳ ಮಾತನ್ನೇ ಎತ್ತದೆ, ಅಂಗೈಯನ್ನು ಬಾಗಿಲಿನ ಚೌಕಟ್ಟಿಗೆ ಒತ್ತಿ ಹಿಡಿದಳು.

ಮಲ್ಲವ್ವ ಆ ಕೈಯನ್ನು ನೋಡಿದಳು. ಆಮೇಲೆ ಒಳಗೆ ಹೋಗಿ, ಕೆಳಗಿನ ಹಲಗೆಯ ಮೇಲಿದ್ದ ಅಕ್ಕಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಲಿನ ಹಲಗೆಗೆ ಇಟ್ಟು, ನಮಗೆ ಚಾ ಇಡಲು ಒಲೆ ಹಚ್ಚಿದಳು.